ಮಸಿ ಒರೆಸಿದ ಮಧ್ಯಾಹ್ನ

ಬಂಟ್ವಾಳದ ನನ್ನ ಮನೆಯಲ್ಲಿ ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇದೆ. ಅದರೊಳಗೆ ನಾಲ್ಕು ಬ್ರಶ್ಶು, ಮುಖಕ್ಕೆ ಹಚ್ಚುವ ಅರ್ಧ ಡಬ್ಬಿ ಪ್ಯಾನ್‌ಕೇಕು, ಎಂಟು ಮೀಸೆ, ಎರಡು ಗಡ್ಡ, ಒಂದು ಬಾಟಲಿ ತೆಂಗಿನೆಣ್ಣೆ ಇವೆ. ನಲವತ್ತು ವರ್ಷ ಈ ಪೆಟ್ಟಿಗೆಯನ್ನು ಹೊತ್ತುಕೊಂಡು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಮುತ್ತ ನಾಟಕದವರಿಗೆ ಮುಖ ಬರೆದು ಬದುಕಿದವನು ನಾನು, ಸಂಜೀವ. ಕಳೆದ ವರ್ಷ ಕೈ ನಡುಗಲು ಶುರುವಾಯಿತು. ಮೀಸೆ ಓರೆಯಾದರೆ ರಾಜನ ಮರ್ಯಾದೆ ಹೋಗುತ್ತದೆ, ಹುಬ್ಬು ಓರೆಯಾದರೆ ರಾಣಿಯೇ ನನ್ನ ಮರ್ಯಾದೆ ತೆಗೆಯುತ್ತಾಳೆ. ಹಾಗಾಗಿ ನಿಲ್ಲಿಸಿದೆ.

ಈಗ ಈ ಕೆಲಸ ಕಲಿಯುವ ಮಕ್ಕಳು ಆಗಾಗ ಬರುತ್ತಾರೆ. ಮೊಬೈಲು ನೋಡಿಯೇ ನನಗಿಂತ ಹೆಚ್ಚು ಕಲಿತವರು. ನನ್ನ ಪೆಟ್ಟಿಗೆ ನೋಡಿ ನಗುತ್ತಾರೆ, ಮೀಸೆ ಹಚ್ಚಿಕೊಂಡು ಫೋಟೋ ತೆಗೆದುಕೊಳ್ಳುತ್ತಾರೆ. ಕೊನೆಗೆ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಅಂಕಲ್, ನೀವು ಮಾಡಿದ್ದರಲ್ಲಿ ಬೆಸ್ಟ್ ಮೇಕಪ್ ಯಾವುದು?" ಒರೆಸಿ ತೆಗೆದದ್ದು ಎನ್ನುತ್ತೇನೆ. ಮುದುಕನಿಗೆ ಅರಳುಮರಳು ಎಂಬ ಹಾಗೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸನ್ಮಾನ, ಶಾಲು, ಹಣ್ಣಿನ ಬುಟ್ಟಿಯ ಸುದ್ದಿ ಇದರಲ್ಲಿ ಇಲ್ಲ. ಹಣ್ಣು ಆಗಲೇ ತಿಂದು ಮುಗಿದಿದೆ, ಶಾಲಿಗೆ ನುಸಿ ಹಿಡಿದಿದೆ.

ನನ್ನ ಗುರು ದೂಮಪ್ಪ ಮಾಸ್ಟ್ರು. ಹಗಲು ದರ್ಜಿ ಕೆಲಸ, ನಾಟಕ ಇದ್ದ ದಿನ ಬಣ್ಣದ ಕೆಲಸ. ಅವರ ಹತ್ತಿರ ಸೇರಿದ ಮೊದಲ ವರ್ಷ ನನ್ನ ಕೈಗೆ ಬ್ರಶ್ಶೇ ಕೊಡಲಿಲ್ಲ. ನಾಟಕ ಮುಗಿದ ಮೇಲೆ ತೆಂಗಿನೆಣ್ಣೆ, ಹತ್ತಿ ಹಿಡಿದು ಎಲ್ಲರ ಮುಖ ಒರೆಸುವುದು ಮಾತ್ರ ನನ್ನ ಪಾಲು. ಬೆವರು, ಬಣ್ಣ, ಬೀಡಿಯ ವಾಸನೆ ಎಲ್ಲ ಸೇರಿದ ಮುಖಗಳು. ಒಮ್ಮೆ ಗೊಣಗಿದೆ. ಮಾಸ್ಟ್ರು ಮಂಗಳಾರತಿ ಮಾಡಿದರು.

"ಹಾಕ್ಲಿಕ್ಕೆ ಯಾವ ಮಂಗನಿಗೂ ಆಗ್ತದೆ ಮಾರಾಯ. ತೆಗಿಲಿಕ್ಕೆ ಕಲಿ ಮೊದಲು. ಮನುಷ್ಯನ ಮುಖ ಹೇಗೆ ಉಂಟು ಅಂತ ಗೊತ್ತಾಗುವುದು ತೆಗಿಯುವಾಗಲೇ."

ಆಗ ಅದು ಬಿಟ್ಟಿ ದುಡಿಸುವವರ ವೇದಾಂತ ಎಂದುಕೊಂಡೆ. ಅವರ ಇನ್ನೊಂದು ಮಾತು ಮಾತ್ರ ತಲೆಗೆ ಹೋಯಿತು. ಮುಖ ಬರೆದು ಮುಗಿದ ಮೇಲೆ ಸಭೆಯ ಕೊನೆಯ ಬೆಂಚಿಗೆ ಹೋಗಿ ನಿಂತು ನೋಡಬೇಕು. ಅಲ್ಲಿಗೆ ಕಾಣದ ದುಃಖ ದುಃಖವೇ ಅಲ್ಲ, ಅಲ್ಲಿಗೆ ಕಾಣದ ಸಿಟ್ಟು ಸಿಟ್ಟೇ ಅಲ್ಲ.

ನನ್ನ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಪುಂಜಾಲಕಟ್ಟೆಯ ಕಡೆ ಒಂದು ನಾಟಕದಲ್ಲಿ ಗೋಂದು ಒಣಗುವ ಮೊದಲೇ ರಾಜನನ್ನು ರಂಗಕ್ಕೆ ಬಿಟ್ಟೆ. "ಎಲವೋ ನೀಚ!" ಎಂದು ಬಾಯಿ ತೆರೆದದ್ದೇ ತಡ, ಅರ್ಧ ಮೀಸೆ ಬಾಯಿಯೊಳಗೆ ಹೋಯಿತು. ಆತ ಅಪ್ಪಟ ಕಲಾವಿದ. ಉಗುಳದೆ ಅಗಿಯುತ್ತಲೇ ಉಳಿದ ಮಾತು ಮುಗಿಸಿದ. ಜನ ಅದನ್ನು ರೌದ್ರ ಎಂದುಕೊಂಡು ಚಪ್ಪಾಳೆ ಹೊಡೆದರು. ಚೌಕಿಗೆ ಬಂದ ಮೇಲೆ ಅವನು ನನಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ. ಚೌಕಿ ಎಂದರೆ ವೇಷ ಕಟ್ಟುವ ಕೋಣೆ. ಯಕ್ಷಗಾನದ ಮಾತು, ನಮ್ಮಲ್ಲಿ ನಾಟಕದವರೂ ಹಾಗೆಯೇ ಕರೆಯುವುದು.

ಎಡವಿದರೂ ಒಂದು ವಿಷಯದಲ್ಲಿ ಹೆಸರು ಮಾಡಿದೆ, ಅದು ಮಸಿ. ಕಷ್ಟಕ್ಕೆ ಬಿದ್ದವರ ಮುಖ ಬರೆಯುವುದರಲ್ಲಿ ನನಗೆ ಸಮ ಇಲ್ಲ ಎಂದು ಮೂರು ತಾಲೂಕಿನವರು ಹೇಳುತ್ತಿದ್ದರು. ತೆಂಗಿನ ಗೆರಟೆ ಸುಟ್ಟ ಮಸಿಗೆ ಹರಳೆಣ್ಣೆ ಸೇರಿಸಿ, ಕಣ್ಣಿನ ಕೆಳಗೆ ಬೆರಳಿನಿಂದ ಒಂದು ಎಳೆತ, ಕೆನ್ನೆಯ ಗುಳಿಗೆ ಒಂದು ಒತ್ತು, ಕೂದಲಿಗೆ ಬೂದಿ. ಬೆಳ್ತಂಗಡಿಯಲ್ಲಿ ಒಮ್ಮೆ ಅಜ್ಜಿಯೊಬ್ಬರು ನಾಟಕದ ನಡುವೆಯೇ ಚೌಕಿಗೆ ನುಗ್ಗಿ, ಬಡವನ ಪಾತ್ರ ಮಾಡಿದವನ ಕೈಗೆ ಅವಲಕ್ಕಿಯ ಕಟ್ಟು ಕೊಟ್ಟು, "ತಿನ್ನು ಮಗಾ, ಆಮೇಲೆ ಆಡು" ಎಂದರು. ಅವನು ನಿಜವಾಗಿ ದೊಡ್ಡ ಹೋಟೆಲಿನ ಮಾಲಿಕ. ಅವಲಕ್ಕಿಯನ್ನು ನಾನೇ ತಿಂದೆ.

ಕಾಲ ಬದಲಾಯಿತು. ಗ್ಯಾಸ್‌ಲೈಟಿಗೆ ಹೊಂದುತ್ತಿದ್ದ ಬಣ್ಣ ಟ್ಯೂಬ್‌ಲೈಟಿಗೆ ಹೊಂದಲಿಲ್ಲ. ಟ್ಯೂಬ್‌ಲೈಟಿನ ಲೆಕ್ಕ ಹಿಡಿಯುವಷ್ಟರಲ್ಲಿ ಎಲ್‌ಇಡಿ ಬಂತು. ಅದರ ಬೆಳಕಿನಲ್ಲಿ ನನ್ನ ಮದುಮಗಳೊಬ್ಬಳು ಶವದ ಹಾಗೆ ನೀಲಿಯಾಗಿ ಕಂಡು ಗಲಾಟೆಯಾಯಿತು. ಪ್ರತಿಸಲ ಹೊಸದಾಗಿ ಕಲಿತೆ. ಮಸಿಯ ವಿಷಯದಲ್ಲಿ ಮಾತ್ರ ಕಲಿಯುವುದು ಏನೂ ಉಳಿದಿಲ್ಲ ಎಂಬ ಅಹಂಕಾರ ಇತ್ತು. ಅದು ಇಳಿದದ್ದು ಮೂಡುಬಿದಿರೆಯಲ್ಲಿ, ನಾಲ್ಕು ವರ್ಷದ ಹಿಂದೆ, ಒಂದು ಆದಿತ್ಯವಾರ ಮಧ್ಯಾಹ್ನ.

ಸುಮತಿ ಟೀಚರ್ ಮೂಡುಬಿದಿರೆಯಲ್ಲಿ ಕನ್ನಡ ಕಲಿಸುವವರು, ನಾಟಕ ಬರೆದು ಆಡಿಸುವವರು. ಮಾತು ಕಡಿಮೆ, ಹಟ ಜಾಸ್ತಿ. ನನ್ನ ಕೈಯಲ್ಲಿ ಹದಿನೈದು ನಾಟಕಕ್ಕೆ ಕೆಲಸ ಮಾಡಿಸಿದವರು. ಆ ವರ್ಷ ಫೋನು ಮಾಡಿ, "ಸಂಜೀವಣ್ಣ, ಈ ಸಲ ರಾಜ ಇಲ್ಲ, ಮೀಸೆ ಇಲ್ಲ. ಏಳು ಹೆಂಗಸರು, ಒಂದು ಕೋಣೆ, ಅಷ್ಟೇ" ಎಂದರು.

ಕಥೆ ಅವರ ಶಾಲೆಯ ಗೆಳತಿ ವಾರಿಜಕ್ಕನದು. ಶಿರ್ತಾಡಿಯವರು, ನರ್ಸು. ಹೊರದೇಶದ ಆಸ್ಪತ್ರೆಯೊಂದರಲ್ಲಿ ಇದ್ದಾಗ ಆ ದೇಶದ ಜನ ಎರಡು ಪಾಲಾಗಿ ತಮ್ಮತಮ್ಮಲ್ಲೇ ಯುದ್ಧಕ್ಕೆ ಇಳಿದರು. ಒಂದು ಬೆಳಿಗ್ಗೆ ಕೋವಿ ಹಿಡಿದವರು ಆಸ್ಪತ್ರೆಗೆ ನುಗ್ಗಿ, ಕೆಲಸದಲ್ಲಿದ್ದ ಏಳು ಹೆಂಗಸರನ್ನು ನೆಲಮಾಳಿಗೆಯ ಸ್ಟೋರ್ ರೂಮಿನಲ್ಲಿ ಕೂಡಿಹಾಕಿದರು. ಎಂಟು ತಿಂಗಳು. ಕೋವಿಯವರಿಗೆ ಅಡುಗೆ ಮಾಡಿ ಹಾಕಬೇಕು, ಅವರ ಗಾಯಕ್ಕೆ ಹೊಲಿಗೆ ಹಾಕಬೇಕು, ಮತ್ತೆ ಕೋಣೆಗೆ ಹೋಗಬೇಕು. ಏಳು ಜನ ಏಳು ಊರಿನವರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಬಾರದು. ಕೊನೆಗೆ ಹೊರಗೆ ಬಂದದ್ದು ಆರು ಜನ.

ಊರಿಗೆ ಬಂದ ವಾರಿಜಕ್ಕ ಮೂಡುಬಿದಿರೆಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದರು. ವರ್ಷಗಳ ಮೇಲೆ ಗೆಳತಿಗೆ ಅಷ್ಟಿಷ್ಟು ಹೇಳಿದರು. ಟೀಚರ್ ಅದನ್ನು ನಾಟಕ ಮಾಡುತ್ತೇನೆ ಎಂದಾಗ ಒಪ್ಪಿದರು, ಆದರೆ ಒಂದು ಶರತ್ತು ಹಾಕಿದರು. "ನನ್ನನ್ನು ನೋಡಿ ಜನ ಅಯ್ಯೋ ಪಾಪ ಅನ್ನುವ ನಾಟಕ ಬೇಡ. ಆಟದ ದಿನ ವೇಷ ಕಟ್ಟಿದ ಮೇಲೆ ಬಂದು ನೋಡ್ತೇನೆ. ನಾನು ಬೇಡ ಅಂದರೆ ಪರದೆ ಏಳಬಾರದು." ಟೀಚರ್ ಅದಕ್ಕೆ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟರು. ಒಂದು ತಿಂಗಳ ತಾಲೀಮು, ತುಂಬಿದ ಸಭೆ, ಎಲ್ಲವೂ ಒಬ್ಬ ಹೆಂಗಸಿನ ಒಂದು ಮಾತಿನ ಮೇಲೆ ನಿಂತ ಹಾಗಾಯಿತು.

"ನೀವು ಒಮ್ಮೆ ಶಿರ್ತಾಡಿಗೆ ಹೋಗಿ ಅವಳನ್ನು ಮಾತಾಡಿಸಿ ಬನ್ನಿ," ಎಂದು ಟೀಚರ್ ನನಗೆ ಹೇಳಿದರು. "ಆ ಏಳು ಜನ ಕೋಣೆಯಲ್ಲಿ ಹೇಗೆ ಕಾಣ್ತಿದ್ದರು, ಎಂತ ಉಡ್ತಿದ್ದರು, ಕೇಳಿಕೊಂಡು ಬನ್ನಿ."

ಹೋದೆ. ಬಸ್ಸು ಇಳಿದರೆ ಎದುರಿಗೇ ಮನೆ. ವಾರಿಜಕ್ಕನಿಗೆ ಐವತ್ತರ ಹತ್ತಿರ. ನೇರ ಬೈತಲೆ, ಬಿಗಿ ತುರುಬು, ನೋಡಿದರೆ ಯಾವುದೇ ಕ್ಲಿನಿಕ್ಕಿನ ಸಿಸ್ಟರ್. ಚಹಾ, ಗೋಳಿಬಜೆ ಇಟ್ಟರು. ಒಂದು ಗಂಟೆ ಕೂತೆ. ಆ ಒಂದು ಗಂಟೆಯೂ ಬಾಯಿ ನನ್ನದು, ಕಿವಿ ಅವರದು. ಮೀಸೆ ನುಂಗಿದ ರಾಜನ ಕಥೆ, ಅವಲಕ್ಕಿ ಅಜ್ಜಿಯ ಕಥೆ, ನನ್ನ ಮಸಿಯ ಕೀರ್ತಿ. ಅವರು ಚೆನ್ನಾಗಿ ನಕ್ಕರು. ಏಳುವಾಗ, "ನಿಮಗೆ ಎಂತಾದರೂ ಕೇಳ್ಲಿಕ್ಕೆ ಉಂಟಾ ಸಂಜೀವಣ್ಣ?" ಎಂದರು.

"ನಮಗೆ ಎಲ್ಲ ಅಂದಾಜು ಉಂಟು ಅಕ್ಕ. ನೀವು ಬಂದು ನೋಡಿ, ಸಾಕು," ಎಂದೆ.

ಕಲಿಯುವ ಮಕ್ಕಳೇ, ನಲವತ್ತು ವರ್ಷದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಮೀಸೆಯದಲ್ಲ, ಇದು. ಎಂಟು ತಿಂಗಳು ಅಲ್ಲಿ ಇದ್ದು ಬಂದವರ ಎದುರು ಕೂತು, ಅವರ ಗೋಳಿಬಜೆ ತಿಂದು, ಒಂದೇ ಒಂದು ಪ್ರಶ್ನೆ ಕೇಳದೆ ಎದ್ದು ಬಂದೆ.

ಆಟದ ದಿನ ಬಂತು. ಮಧ್ಯಾಹ್ನ ಮೂರು ಗಂಟೆಗೆ ಪ್ರದರ್ಶನ. ಬೆಳಿಗ್ಗೆ ಹತ್ತಕ್ಕೇ ಶುರು ಮಾಡಿದೆ. ಏಳು ಕಲಾವಿದೆಯರಲ್ಲಿ ಕಾಲೇಜಿನ ಹುಡುಗಿಯರು, ಇಬ್ಬರು ಟೀಚರುಗಳು, ಒಬ್ಬರು ಐವತ್ತು ದಾಟಿದ ಬ್ಯಾಂಕಿನ ಉದ್ಯೋಗಿ. ಎಲ್ಲರಿಗಿಂತ ಚಿಕ್ಕವಳು ನವ್ಯಾ. ನಾಟಕದಲ್ಲಿ ಸಾಯುವ ಪಾತ್ರ ಅವಳದು. ನನ್ನ ವಿದ್ಯೆಯನ್ನೆಲ್ಲ ಆ ಏಳು ಮುಖಕ್ಕೆ ಸುರಿದೆ. ಗುಳಿಬಿದ್ದ ಕೆನ್ನೆ, ಒಡೆದ ತುಟಿ, ಕಣ್ಣಿನ ಸುತ್ತ ಕತ್ತಲೆ, ಬೂದಿ ಹಾಕಿ ಗಂಟುಗಂಟು ಮಾಡಿದ ತಲೆ, ಹರಿದು ಜೋತ ಬಟ್ಟೆ. ಏಳು ಜನರನ್ನೂ ಬೆಂಚಿನಲ್ಲಿ ಸಾಲಾಗಿ ಕೂರಿಸಿ ಹಿಂದೆ ಸರಿದು ನೋಡಿದೆ. ಹಾರ್ಮೋನಿಯಮ್ಮಿನವರು ಒಳಗೆ ಬಂದವರು ಕಣ್ಣು ಒರೆಸಿಕೊಂಡು ಹೊರಗೆ ಹೋದರು. ದೂಮಪ್ಪ ಮಾಸ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದುಕೊಂಡೆ.

ಒಂದೂವರೆಗೆ ವಾರಿಜಕ್ಕ ಬಂದರು. ಹೆಗಲಲ್ಲಿ ಕ್ಲಿನಿಕ್ಕಿಗೆ ತೆಗೆದುಕೊಂಡು ಹೋಗುವ ಚೀಲ. ಬಾಗಿಲಲ್ಲಿ ನಿಂತು ಒಂದು ತುದಿಯಿಂದ ನೋಡುತ್ತಾ ಬಂದರು. ಯಾವ ಮುಖದ ಎದುರೂ ನಿಲ್ಲಲಿಲ್ಲ. ನವ್ಯಾಳ ಎದುರು ಮಾತ್ರ ನಿಂತರು, ತುಂಬ ಹೊತ್ತು. ಆಮೇಲೆ ಟೀಚರ ಕಡೆ ತಿರುಗಿದರು.

"ಬೊಡ್ಚಿ ಸುಮತಿ."

ತುಳುವಿನಲ್ಲಿ ಬೇಡ ಎನ್ನುವ ಮಾತು. ಅವರಿಬ್ಬರೂ, ನಾನೂ, ಅಲ್ಲಿದ್ದ ಮುಕ್ಕಾಲು ಪಾಲು ಜನವೂ ಮಾತಾಡುವುದು ತುಳುವೇ. ಆ ಕೋಣೆಯಲ್ಲಿ ಮುಂದೆ ನಡೆದ ಮಾತೂ ಬಹುಪಾಲು ತುಳುವಿನಲ್ಲೇ. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸುಮತಿ ಟೀಚರ್ ಯಾಕೆ ಎಂದು ಕೇಳಲಿಲ್ಲ, ಜನ ಬರಲು ಶುರು ಮಾಡಿದ್ದಾರೆ ಎಂದು ಹೇಳಲಿಲ್ಲ. "ಆಯ್ತು ವಾರಿಜ. ನಿಲ್ಲಿಸುವ," ಎಂದು ಸೆರಗು ಸರಿಮಾಡಿಕೊಂಡು ಸಭೆಗೆ ಹೇಳಿಬರಲು ಬಾಗಿಲ ಕಡೆ ನಡೆದರು. ಕೊಟ್ಟ ಮಾತನ್ನು ಹೀಗೆ ನಡೆಸುವವರನ್ನು ನಾನು ರಂಗದ ಮೇಲೆ ಎಷ್ಟೋ ನೋಡಿದ್ದೆ, ರಂಗದ ಹಿಂದೆ ನೋಡಿದ್ದು ಅದೇ ಮೊದಲು.

ತಡೆಯಲಾರದೆ ಬಾಯಿ ಹಾಕಿದವನು ನಾನು. ಕಲೆಯ ಕಾಳಜಿ ಅಲ್ಲ, ಸೊಕ್ಕಿಗೆ ಪೆಟ್ಟು ಬಿದ್ದಿತ್ತು.

"ಎಂತ ಕಮ್ಮಿ ಆಗಿದೆ ಅಕ್ಕ? ಹೇಳಿ. ಇನ್ನೂ ಸ್ವಲ್ಪ ಮಸಿ ಬೇಕಾದರೆ ಹಾಕ್ತೇನೆ."

"ಕಮ್ಮಿ ಆದದ್ದಲ್ಲ ಸಂಜೀವಣ್ಣ, ಹೆಚ್ಚಾದದ್ದು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಬಸ್ಸು ಹತ್ತಿದರೆ ಗುರುತಿನವರು ಸೀಟು ಬಿಟ್ಟು ಏಳ್ತಾರೆ, ಗೊತ್ತುಂಟಾ? ನನಗೆ ಕೈಕಾಲು ಗಟ್ಟಿ ಉಂಟು. ಆದರೂ ಏಳ್ತಾರೆ. ಇವರನ್ನು ನೋಡಿದರೆ ನಾಳೆಯಿಂದ ಇಡೀ ಬಸ್ಸೇ ಏಳ್ತದೆ."

ತಿಂಗಳ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ ಆಗ ನನ್ನ ಬಾಯಿಗೆ ಬಂತು.

"ಮತ್ತೆ ಹೇಗೆ ಇದ್ದಿರಿ ಅಕ್ಕ ನೀವು ಅಲ್ಲಿ?"

ಬಾಗಿಲಿನವರೆಗೆ ಹೋಗಿದ್ದ ಟೀಚರ್ ನಿಂತರು. ವಾರಿಜಕ್ಕ ನನ್ನ ಮೇಕಪ್ಪಿನ ಕುರ್ಚಿಯಲ್ಲಿ ಕೂತು, ಚೀಲದಿಂದ ಒಂದು ಬಾಚಣಿಗೆ ತೆಗೆದರು. ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನದು, ಮೂರು ಹಲ್ಲು ಮುರಿದಿತ್ತು.

"ಸುಮತಿ ನನ್ನ ಹತ್ತಿರ ಎಲ್ಲ ಕೇಳಿದ್ದಾಳೆ. ಕೋವಿ ಎಷ್ಟು, ಬಾಗಿಲು ಎಂಥದ್ದು, ಎಂತ ತಿನ್ಲಿಕ್ಕೆ ಕೊಟ್ಟರು. ತಲೆ ಯಾರು ಬಾಚ್ತಿದ್ದದ್ದು ಅಂತ ಕೇಳಲಿಲ್ಲ. ಈ ಬಾಚಣಿಗೆ ನನ್ನ ಯೂನಿಫಾರ್ಮಿನ ಕಿಸೆಯಲ್ಲಿ ಇತ್ತು. ಏಳು ಜನರಿಗೆ ಒಂದು. ಬೆಳಿಗ್ಗೆ ಎದ್ದ ಕೂಡಲೇ ವೃತ್ತ ಮಾಡಿ ಕೂರುವುದು, ಒಬ್ಬಳ ಬೆನ್ನಿಗೆ ಒಬ್ಬಳು. ಸಾಲು ಮಾಡಿದರೆ ಕೊನೆಯವಳ ತಲೆ ಬಾಚ್ಲಿಕ್ಕೆ ಜನ ಇಲ್ಲ, ಅದಕ್ಕೆ ವೃತ್ತ. ಬಾಚಣಿಗೆ ಸುತ್ತು ಬರುವುದು. ಎಣ್ಣೆ ಎಲ್ಲಿಂದ? ಅವರಿಗೆ ಹುರಿದು ಹಾಕ್ತಿದ್ದೆವಲ್ಲ, ಆ ಬಾಣಲೆಯ ತಳ ಬೆರಳಲ್ಲಿ ಒರೆಸಿಕೊಂಡು ಬರುವುದು. ತಲೆ ಇಡೀ ಈರುಳ್ಳಿ ವಾಸನೆ."

ಅವರ ಮುಖದಲ್ಲಿ ಸಣ್ಣ ನಗು ಬಂತು.

"ಅವರವರ ಊರಿನ ಜಡೆ ಅವರವರು ಎದುರಿನವಳಿಗೆ ಹಾಕುವುದು. ನನಗೆ ಗೊತ್ತಿದ್ದದ್ದು ಒಂದೇ, ನಮ್ಮ ಶಾಲೆಯ ಎರಡು ಜಡೆ, ಮಡಚಿ ರಿಬ್ಬನ್ ಕಟ್ಟುವುದು. ಎಲ್ಲರಿಗೂ ಅದೇ ಇಷ್ಟ ಆಯ್ತು ಮಾರಾಯ್ರೆ! ರಿಬ್ಬನಿಗೆ ಬ್ಯಾಂಡೇಜು ಬಟ್ಟೆ. ಏಳು ಹೆಂಗಸರು, ಏಳನೇ ಕ್ಲಾಸಿನ ಮಕ್ಕಳ ಹಾಗೆ. ಬಟ್ಟೆ ಹರಿದಿತ್ತು ಹೌದು. ಆದರೆ ಹೀಗೆ ಜೋತು ಬಿಡ್ಲಿಲ್ಲ. ನರ್ಸುಗಳಿಗೆ ಹೊಲಿಗೆ ಹಾಕ್ಲಿಕ್ಕೆ ಬರುವುದಿಲ್ವಾ? ಗಾಯಕ್ಕೆ ಹಾಕುವ ನೂಲಿನಲ್ಲೇ ಹೊಲಿದೆವು. ಹೊರಗೆ ಗುಂಡು ಹಾರಿದರೂ ಬೆಳಿಗ್ಗೆ ಬಾಚುವುದು ನಿಲ್ಲಿಸ್ಲಿಲ್ಲ. ನಿಲ್ಲಿಸಿದರೆ ಎಂತ ಆಗ್ತದೆ ಅಂತ ನೋಡಿದ್ದೆವಲ್ಲ."

ನವ್ಯಾಳ ಕಡೆ ನೋಡಿದರು.

"ಹೀಗೆ ತಲೆ ಬಿಟ್ಟುಕೊಂಡವಳು ಒಬ್ಬಳೇ. ಚಿಕ್ಕವಳು. ಒಂದು ದಿನ ಬೇಡ ಅಂತ ಗೋಡೆಗೆ ಮುಖ ಮಾಡಿ ಕೂತಳು. ಎರಡು ದಿನ ಕರೆದೆ. ಮೂರನೇ ದಿನ ನನಗೂ ಬೇಜಾರು ಬಂತು, ಬಿಟ್ಟೆ. ಒತ್ತಾಯ ಮಾಡಿ ಬಾಚಬೇಕಿತ್ತು ನಾನು. ಆಮೇಲೆ ಊಟ ಬಿಟ್ಟಳು. ಆಮೇಲೆ ಅವಳು ಇಲ್ಲ."

ಅವಳ ಹೆಸರನ್ನೂ ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ನನ್ನ ಬೆರಳಿಗೆ ಅಂಟಿದ್ದ ಮಸಿ ನೋಡಿ ನನಗೆ ನಾಚಿಕೆಯಾಯಿತು. ಮೂರು ತಾಲೂಕು ಹೊಗಳಿದ ವಿದ್ಯೆ. ಕಷ್ಟ ಎಂದರೆ ಮಸಿ ಎಂದು ಅಷ್ಟು ವರ್ಷ ತಿಳಿದುಕೊಂಡಿದ್ದವನ ಎದುರು, ಬಾಣಲೆಯ ತಳದ ಎಣ್ಣೆಯಲ್ಲಿ ಬೈತಲೆ ತೆಗೆದುಕೊಂಡು ಎಂಟು ತಿಂಗಳು ಗೆದ್ದವರು ಕೂತಿದ್ದರು. ಇಂಥವರ ಮನೆಗೆ ಹೋಗಿ ನನ್ನ ಕೀರ್ತಿ ಹೇಳಿಕೊಂಡು ಬಂದಿದ್ದೆನಲ್ಲ!

"ವಾರಿಜಕ್ಕ, ಇನ್ನೂ ಒಂದು ಗಂಟೆ ಮೇಲೆ ಸಮಯ ಉಂಟು," ಎಂದೆ. "ನಾನು ಒರೆಸ್ತೇನೆ. ತಲೆ ನೀವು ಬಾಚ್ತೀರಾ?"

ಅವರು ನನ್ನನ್ನು ನೋಡಿದರು, ಟೀಚರನ್ನು ನೋಡಿದರು. ಎದ್ದು ಬ್ಯಾಂಕಿನ ಅಮ್ಮನ ಹಿಂದೆ ನಿಂತು ಬೂದಿ ಕೊಡವಲು ಶುರು ಮಾಡಿದರು.

ದೂಮಪ್ಪ ಮಾಸ್ಟ್ರು ಒಂದು ವರ್ಷ ಬಿಟ್ಟಿ ಮಾಡಿಸಿದ ಕೆಲಸ ಅವತ್ತು ಉಪಯೋಗಕ್ಕೆ ಬಂತು. ಪೆಟ್ಟಿಗೆಯ ತೆಂಗಿನೆಣ್ಣೆಯ ಬಾಟಲಿ ತಳ ಕಂಡಿತು, ಹತ್ತಿ ಮುಗಿಯಿತು, ಕೊನೆಗೆ ಹೆಗಲ ಮೇಲಿದ್ದ ನನ್ನ ಬೈರಾಸು ತೆಗೆದು ಒರೆಸಿದೆ. ಒಂದೊಂದೇ ಮುಖ ಮಸಿಯ ಕೆಳಗಿನಿಂದ ಎದ್ದು ಬಂತು. ಬ್ಯಾಂಕಿನ ಅಮ್ಮನ ಹಣೆಯ ಮೂರು ಗೆರೆ, ಒಬ್ಬ ಟೀಚರ ಕೆನ್ನೆಯ ಹಳೆಯ ಗುಳ್ಳೆಯ ಕಲೆ. ಇವನ್ನೆಲ್ಲ ನಾನು ಬೆಳಿಗ್ಗೆ ಮುಚ್ಚಿದ್ದೆ. ಏನೂ ಹಾಕದ ಆ ಮುಖಗಳು ಎಷ್ಟು ಚೆಂದ ಇದ್ದವು ಎಂದು ಹೇಗೆ ಹೇಳಲಿ! ಸಭಾಂಗಣದ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಬ್ಯಾಂಡೇಜು ಬಂತು. ಹರಿದ ಬಟ್ಟೆಗೆ ಕಪ್ಪು ನೂಲಿನಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿದೆ. ದರ್ಜಿಯ ಶಿಷ್ಯನಲ್ಲವೇ ನಾನು. ಸುಮತಿ ಟೀಚರ್ ತಾವೇ ನೆಲದಲ್ಲಿ ಕೂತು ಹುಡುಗಿಯರಿಗೆ ಜಡೆ ಹೆಣೆದರು. ಮಡಚಿ ಕಟ್ಟುವಾಗ ಅವರ ಕೈ ಒಮ್ಮೆ ನಿಂತಿತು. ಅದೇ ಜಡೆ ಹಾಕಿಕೊಂಡು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು.

ನವ್ಯಾಳ ಸರದಿ ಬಂದಾಗ ವಾರಿಜಕ್ಕ ನನ್ನ ಕೈ ಹಿಡಿದರು. "ಇವಳಿಗೂ ಈಗ ಜಡೆ ಹಾಕುವ. ಆದರೆ ಆಟದ ನಡುವೆ ಇವಳ ತಲೆ ಬಿಚ್ಚಿ ನಿಮ್ಮ ಮಸಿ ಹಚ್ಚಿ. ಇವಳಿಗೆ ಅದು ಸರಿ ಉಂಟು." ನನ್ನ ವಿದ್ಯೆಗೆ ಸರಿಯಾದ ಜಾಗ ಅವರು ತೋರಿಸಿಕೊಟ್ಟರು, ಏಳರಲ್ಲಿ ಒಂದು ಮುಖ.

ಮೂರಕ್ಕೆ ಹತ್ತು ನಿಮಿಷ ಇರುವಾಗ ಟೀಚರ್ ಗೆಳತಿಯ ಎದುರು ನಿಂತರು. "ಈಗ?"

"ಮೊದಲ ಮಾತಿನ ಮುಂಚೆ ಬಾಚಲಿ. ಸುಮ್ಮನೆ ಬಾಚಲಿ," ಎಂದರು ವಾರಿಜಕ್ಕ. "ನಾನು ಹಿಂದೆ ಕೂರ್ತೇನೆ." ಬಾಚಣಿಗೆಯನ್ನು ಬ್ಯಾಂಕಿನ ಅಮ್ಮನ ಕೈಗೆ ಕೊಟ್ಟು ಹೋದರು.

ಪರದೆ ಎದ್ದಿತು. ನಾನು ಪಕ್ಕದ ಪರದೆಯ ಮರೆಯಲ್ಲಿ ಮಸಿಯ ಬಟ್ಟಲು ಹಿಡಿದು ನಿಂತಿದ್ದೆ. ರಂಗದ ಮೇಲೆ ಏಳು ಹೆಂಗಸರು ವೃತ್ತವಾಗಿ ಕೂತಿದ್ದಾರೆ, ಎಲ್ಲರಿಗೂ ಮಡಚಿದ ಎರಡು ಜಡೆ. ಐವತ್ತು ದಾಟಿದ ಹೆಂಗಸಿನ ತಲೆಯಲ್ಲಿ ಬಿಳಿ ರಿಬ್ಬನ್ ನೋಡಿ ಸಭೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಬಾಚಣಿಗೆ ಬೈತಲೆಯ ಎರಡು ಬದಿ ನೀವುತ್ತಾ ಕೈಯಿಂದ ಕೈಗೆ ಸುತ್ತುತ್ತಿತ್ತು. ಹೊರಗೆ ಗುಂಡಿನ ಸದ್ದು ಕೇಳಿತು. ಏಳು ಜನರ ಕೈಯೂ ಒಂದು ಗಳಿಗೆ ನಿಂತಿತು. ಆಮೇಲೆ ಬಾಚಣಿಗೆ ಮತ್ತೆ ಸುತ್ತತೊಡಗಿತು. ನಕ್ಕವರು ಆಮೇಲೆ ನಗಲಿಲ್ಲ. ಆ ಸಭಾಂಗಣದಲ್ಲಿ ಅಂಥ ಮೌನವನ್ನು ನಾನು ಯಾವ ರಾಜನ ಸಾವಿಗೂ ಕೇಳಿಲ್ಲ.

ಎರಡನೆಯ ದೃಶ್ಯದ ಕೊನೆಗೆ ನವ್ಯಾ ಒಳಗೆ ಬಂದಳು. ಅವಳ ರಿಬ್ಬನ್ ಬಿಚ್ಚಿದೆ, ಜಡೆ ಬಿಚ್ಚಿದೆ, ಕಣ್ಣಿನ ಕೆಳಗೆ ಬೆರಳು ಎಳೆದೆ. ಸಾವಿರ ಸಲ ಎಳೆದ ಬೆರಳು ಅವತ್ತು ಹೆದರಿತು. ಅವಳು ಹೋಗಿ ಗೋಡೆಗೆ ಮುಖ ಮಾಡಿ ಕೂತಾಗ ಉಳಿದ ಆರು ಜನ ವೃತ್ತದಲ್ಲಿ ಅವಳ ಜಾಗ ಬಿಟ್ಟೇ ಕೂತರು. ಬಾಚಣಿಗೆ ಆ ಖಾಲಿ ಜಾಗ ದಾಟುವಾಗ ಒಬ್ಬಳ ಕೈ ಚಾಚಿ ಇನ್ನೊಬ್ಬಳಿಗೆ ಮುಟ್ಟಬೇಕು. ಇದನ್ನು ಯಾರೂ ಬರೆದದ್ದಲ್ಲ, ತಾಲೀಮು ಮಾಡಿದ್ದಲ್ಲ.

ಆಟ ಮುಗಿಯಿತು. ಟೀಚರ್ ವೇದಿಕೆಗೆ ಬಾ ಎಂದು ಗೆಳತಿಯನ್ನು ಕರೆಯಲಿಲ್ಲ. ವಾರಿಜಕ್ಕ ತಾನಾಗಿ ಚೌಕಿಗೆ ಬಂದರು, ಹಿಂದಿನ ಬಾಗಿಲಿನಿಂದ.

"ಎಲ್ಲಿ ಕೂತಿದ್ದಿರಿ ಅಕ್ಕ?" ಎಂದು ಕೇಳಿದೆ. ಈಗ ನನಗೆ ಕೇಳುವುದು ಅಭ್ಯಾಸವಾಗಿತ್ತು.

"ಕೊನೆಯ ಬೆಂಚು. ಓಡ್ಲಿಕ್ಕೆ ಸುಲಭ ಅಂತ," ಎಂದು ನಕ್ಕರು. "ಓಡ್ಲಿಲ್ಲ. ಅಲ್ಲಿಗೂ ಎಲ್ಲ ಕಾಣ್ತಿತ್ತು ಸಂಜೀವಣ್ಣ."

ನವ್ಯಾ ಕುರ್ಚಿಯಲ್ಲಿ ಕೂತಿದ್ದಳು, ಕೆದರಿದ ತಲೆ, ಮಸಿಯ ಮುಖ, ಪಾತ್ರದಿಂದ ಇನ್ನೂ ಹೊರಗೆ ಬರಲಾಗದೆ ಬಿಕ್ಕುತ್ತಿದ್ದಳು. ಬಾಟಲಿಯ ತಳದಲ್ಲಿ ಉಳಿದ ಎಣ್ಣೆಯಿಂದ ಅವಳ ಮುಖ ಒರೆಸಿದೆ. ಒರೆಸಿ ಮುಗಿಯುವವರೆಗೆ ವಾರಿಜಕ್ಕ ಹಿಂದೆ ನಿಂತು ಕಾದರು. ಆಮೇಲೆ ಬ್ಯಾಂಕಿನ ಅಮ್ಮನಿಂದ ಬಾಚಣಿಗೆ ತೆಗೆದುಕೊಂಡರು.

ಹುಡುಗಿ, "ಬೇಡ ಆಂಟಿ, ನಾನು ಮನೆಗೆ ಹೋಗಿ ಬಾಚಿಕೊಳ್ತೇನೆ," ಎಂದಳು.

"ಬೇಡ ಅಂದರೆ ಕೇಳುವವಳಲ್ಲ ನಾನು. ಈ ಸಲ ಕೇಳುವುದಿಲ್ಲ," ಎಂದರು ವಾರಿಜಕ್ಕ.

ಗಂಟುಗಳನ್ನು ಒಂದೊಂದಾಗಿ, ಬುಡವನ್ನು ಕೈಯಲ್ಲಿ ಒತ್ತಿ ಹಿಡಿದು, ನೋವಾಗದ ಹಾಗೆ ಬಿಡಿಸಿದರು. ನೇರ ಬೈತಲೆ ತೆಗೆದರು. ಎರಡು ಜಡೆ ಹೆಣೆದು ಮಡಚಿದರು. ಉಳಿದ ಆರು ಜನ ವೇಷದ ಬಟ್ಟೆಯಲ್ಲೇ ಸುತ್ತ ನಿಂತಿದ್ದರು. ಬಾಗಿಲಲ್ಲಿ ಸುಮತಿ ಟೀಚರ್ ಗೋಡೆಗೆ ಒರಗಿದ್ದರು. ವಾರಿಜಕ್ಕನ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಕೈ ಮಾತ್ರ ನಡುಗಲಿಲ್ಲ. ಬ್ಯಾಂಡೇಜಿನ ರಿಬ್ಬನ್ ಬಿಗಿದು ಗಂಟು ಹಾಕಿ, ಹುಡುಗಿಯ ಎರಡೂ ಭುಜ ಹಿಡಿದು ನಮ್ಮ ಕಡೆ ತಿರುಗಿಸಿದರು.

"ಆಯ್ತು," ಎಂದರು. "ಏಳು ಮಗಾ. ಇನ್ನು ಮನೆಗೆ ಹೋಗುವ."